ನೌಕೆಯ ಒಡಲಿನ ತೇವ ಮತ್ತು ಅದರ ನಿವಾರಣೆ

ನೀರಿನ ಮೇಲೆ ಸಾಗುವ ನೌಕೆಗೆ ನೀರೇ ಆಧಾರ, ನೀರೇ ಶತ್ರು. ಹೊರಗಿನಿಂದ ನುಗ್ಗುವ ನೀರನ್ನು ತಡೆಯುವ ವಿದ್ಯೆಯನ್ನು ಮಾನವನು ಸಾವಿರಾರು ವರ್ಷಗಳ ಹಿಂದೆಯೇ ಕಲಿತನು. ಹಲಗೆಗಳ ಸಂದುಗಳಿಗೆ ನಾರು ತುರುಕಿ, ಮೇಲೆ ಎಣ್ಣೆ ರಾಳಗಳನ್ನು ಬಳಿದು, ತಳದಲ್ಲಿ ನಿಂತ ನೀರನ್ನು ಮೊಗೆದು ಚೆಲ್ಲುತ್ತ ಅವನು ಕಡಲನ್ನು ದಾಟಿದನು. ಆದರೆ ಒಂದು ತೂತೂ ಇಲ್ಲದ ನೌಕೆಯೊಳಗೂ ಸೇರಿಕೊಳ್ಳುವ ಮತ್ತೊಂದು ನೀರುಂಟು. ಅದು ಕಣ್ಣಿಗೆ ಕಾಣದು, ಸದ್ದು ಮಾಡದು. ಗಾಳಿಯಲ್ಲಿ ಆವಿಯಾಗಿ ಅಡಗಿದ್ದು, ಸಮಯ ನೋಡಿ ಹನಿಯಾಗಿ ಪ್ರಕಟವಾಗುವುದು. ಬಿರುಗಾಳಿಗೆ ಅಂಜದ ಎಷ್ಟೋ ಹಡಗುಗಳು ಬಂದರಿನಲ್ಲಿ ನಿಶ್ಚಲವಾಗಿ ನಿಂತಿರುವಾಗಲೇ ಈ ಗುಪ್ತ ಜಲಕ್ಕೆ ತುತ್ತಾಗಿ ತುಕ್ಕು ಹಿಡಿದು, ಬೂಷ್ಟು ಬೆಳೆದು ನಾಶವಾಗಿವೆ. ಈ ತೇವವನ್ನು ಅಂಕೆಯಲ್ಲಿಡಲು ಇಂದು ಬಳಕೆಯಲ್ಲಿರುವ ಡಿಹ್ಯೂಮಿಡಿಫೈಯರ್, ಎಂದರೆ ಆರ್ದ್ರತಾ ನಿವಾರಕ ಯಂತ್ರದ ತತ್ತ್ವ, ಪ್ರಯೋಜನ ಮತ್ತು ಮಿತಿಗಳನ್ನು ಇಲ್ಲಿ ಸ್ಥೂಲವಾಗಿ ವಿವರಿಸಲಾಗಿದೆ.

ಗಾಳಿಯಲ್ಲಡಗಿದ ನೀರು

ಗಾಳಿಯು ಎಷ್ಟು ನೀರಾವಿಯನ್ನು ಹೊರಬಲ್ಲದೆಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ. ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು ೩೦ ಗ್ರಾಂ ಆವಿಯನ್ನು ಧರಿಸಬಲ್ಲದು. ೨೦ ಡಿಗ್ರಿಯಲ್ಲಿ ೧೭ ಗ್ರಾಂ. ೧೦ ಡಿಗ್ರಿಯಲ್ಲಿ ೯ ಗ್ರಾಮಿಗಿಂತ ತುಸು ಹೆಚ್ಚು. ಸೊನ್ನೆ ಡಿಗ್ರಿಯಲ್ಲಿ ೫ ಗ್ರಾಮಿಗಿಂತಲೂ ಕಡಿಮೆ. ಧರಿಸಬಲ್ಲ ಗರಿಷ್ಠ ಪ್ರಮಾಣದಲ್ಲಿ ವಾಸ್ತವವಾಗಿ ಇರುವುದು ಶೇಕಡಾ ಎಷ್ಟು ಎಂಬುದೇ ಸಾಪೇಕ್ಷ ಆರ್ದ್ರತೆ. ಗಾಳಿಯನ್ನು ತಣಿಸುತ್ತ ಹೋದಂತೆ ಅದರ ಧಾರಣಶಕ್ತಿ ಕುಗ್ಗಿ, ಒಂದು ಹಂತದಲ್ಲಿ ಇರುವ ಆವಿಯೇ ಅದಕ್ಕೆ ಭಾರವಾಗುತ್ತದೆ. ಆ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ಅದಕ್ಕಿಂತ ಕೆಳಗೆ ಇಳಿದರೆ ಹೆಚ್ಚಿನ ಆವಿಯು ನೀರಾಗಿ ಹೊರಬರುವುದು. ಬೇಸಗೆಯಲ್ಲಿ ತಣ್ಣೀರು ತುಂಬಿದ ತಾಮ್ರದ ತಂಬಿಗೆಯ ಹೊರಮೈ ಬೆವರುವುದನ್ನು ಕಂಡವರಿಗೆ ಈ ತತ್ತ್ವ ಹೊಸದಲ್ಲ.

ನೌಕೆಯಲ್ಲಿ ನಡೆಯುವುದೂ ಇದೇ. ಉತ್ತರ ಯೂರೋಪಿನ ಚಳಿಗಾಲದಲ್ಲಿ ಒಂದು ಸಣ್ಣ ವಿಹಾರ ನೌಕೆಯ ಕೋಣೆಯನ್ನು ೨೦ ಡಿಗ್ರಿಗೆ ಬೆಚ್ಚಗಿಟ್ಟಿದ್ದಾರೆಂದೂ, ಅಲ್ಲಿಯ ಆರ್ದ್ರತೆ ಶೇಕಡಾ ೭೦ ಎಂದೂ ಭಾವಿಸೋಣ. ಆಗ ಪ್ರತಿ ಘನ ಮೀಟರ್ ಗಾಳಿಯಲ್ಲಿ ೧೨ ಗ್ರಾಂ ಆವಿ ಇರುವುದು. ನೌಕೆಯ ಗೋಡೆಯ ಆಚೆ ೧೦ ಡಿಗ್ರಿಯ ಸಮುದ್ರಜಲವಿದ್ದರೆ ಗೋಡೆಯ ಒಳಮೈಯೂ ಹೆಚ್ಚುಕಡಿಮೆ ಅಷ್ಟೇ ತಂಪಾಗಿರುವುದು. ಅದನ್ನು ಸ್ಪರ್ಶಿಸಿದ ಗಾಳಿಯು ೯ ಗ್ರಾಮಿನಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕ ೩ ಗ್ರಾಮನ್ನು ಗೋಡೆಗೆ ಒಪ್ಪಿಸಿಬಿಡುವುದು. ಗಾಳಿಯಾಡದ ಕಪಾಟುಗಳ ಹಿಂಬದಿ, ಹಾಸಿಗೆಗಳ ತಳಭಾಗ, ಲೋಹದ ಕಿಟಕಿಯ ಚೌಕಟ್ಟು, ಇಂತಹ ಮರೆಯ ಸ್ಥಳಗಳಲ್ಲಿಯೇ ತೇವ ಮೊದಲು ಮನೆಮಾಡುವುದು. ಆರ್ದ್ರತೆ ಶೇಕಡಾ ೭೦ನ್ನು ಮೀರಿ ಕೆಲವು ದಿನ ನಿಂತಿತೆಂದರೆ ಬೂಷ್ಟಿನ ಬೆಳವಣಿಗೆಗೆ ಅದೇ ಸಾಕು.

ತೇವದ ಮೂಲಗಳು

ಈ ಆವಿಯು ಎಲ್ಲಿಂದ ಬರುವುದು? ಬಹುಪಾಲು ಮನುಷ್ಯನೇ ಅದನ್ನು ಒಳಗೆ ತರುವವನು. ಮಲಗಿರುವ ವ್ಯಕ್ತಿಯು ಉಸಿರು ಬೆವರುಗಳ ಮೂಲಕ ಗಂಟೆಗೆ ಸುಮಾರು ೪೦ ಗ್ರಾಂ ನೀರನ್ನು ಗಾಳಿಗೆ ಸೇರಿಸುತ್ತಾನೆ. ಇಬ್ಬರು ಎಂಟು ಗಂಟೆ ನಿದ್ರಿಸಿದರೆ ಅರ್ಧ ಲೀಟರಿಗೂ ಹೆಚ್ಚಾಯಿತು. ಅಡಿಗೆಯ ಆವಿಯು ಎಲ್ಲರಿಗೂ ಕಾಣುವಂಥದು. ಆದರೆ ಒಲೆಯ ಜ್ವಾಲೆಯೇ ನೀರನ್ನು ಉತ್ಪಾದಿಸುತ್ತದೆಂಬುದನ್ನು ಅನೇಕರು ಗಮನಿಸುವುದಿಲ್ಲ. ಪ್ರೋಪೇನ್ ಅನಿಲವು ಇಂಗಾಲ ಮತ್ತು ಜಲಜನಕಗಳ ಸಂಯುಕ್ತ. ಅದು ಉರಿಯುವಾಗ ಜಲಜನಕವು ಆಮ್ಲಜನಕದೊಡನೆ ಕೂಡಿ ನೀರಾಗುವುದು. ರಾಸಾಯನಿಕ ಸಮೀಕರಣವನ್ನು ಬಿಡಿಸಿದರೆ ೪೪ ಗ್ರಾಂ ಪ್ರೋಪೇನಿನಿಂದ ೭೨ ಗ್ರಾಂ ನೀರು ದೊರೆಯುವುದೆಂದು ತಿಳಿಯುತ್ತದೆ. ಎಂದರೆ ಒಂದು ಕಿಲೋಗ್ರಾಂ ಅನಿಲ ಉರಿದರೆ ಒಂದೂವರೆ ಕಿಲೋಗ್ರಾಮಿಗೂ ಹೆಚ್ಚು ನೀರು! ಹೊಗೆಕೊಳವೆಯಿಲ್ಲದ ಅನಿಲದ ಒಲೆಯಿಂದ ಕೋಣೆಯನ್ನು ಬೆಚ್ಚಗಾಗಿಸಿ ತೇವವನ್ನು ಓಡಿಸಲು ಹೊರಡುವವನು ವಾಸ್ತವವಾಗಿ ತೇವವನ್ನೇ ಆಹ್ವಾನಿಸುತ್ತಾನೆ.

ಇನ್ನೊಂದು ಮೂಲ ಉಪ್ಪು. ಸಮುದ್ರದ ನೀರಿನಲ್ಲಿ ನೆನೆದ ಹಗ್ಗ, ಬಟ್ಟೆ, ಹಾಸುಗಳು ಒಣಗಿದಂತೆ ಕಂಡರೂ ಅವುಗಳ ಎಳೆಗಳಲ್ಲಿ ಲವಣ ಉಳಿದಿರುವುದು. ಶುದ್ಧವಾದ ಸೋಡಿಯಂ ಕ್ಲೋರೈಡು ಶೇಕಡಾ ೭೫ರ ಆರ್ದ್ರತೆಯಲ್ಲಿ ಗಾಳಿಯಿಂದ ನೀರನ್ನು ಹೀರಿ ಕರಗತೊಡಗುತ್ತದೆ. ಅದರೊಡನೆ ಇರುವ ಮೆಗ್ನೀಸಿಯಂ ಕ್ಲೋರೈಡಿಗಾದರೋ ಶೇಕಡಾ ೩೩ ಸಾಕು. ಮಳೆಗಾಲದಲ್ಲಿ ಮಲೆನಾಡಿನ ಅಡಿಗೆಮನೆಯ ಉಪ್ಪಿನ ಜಾಡಿಯಲ್ಲಿ ನೀರೊಸರುವುದು ಈ ಕಾರಣದಿಂದಲೇ. ಆದುದರಿಂದ ಕಡಲ ನೀರು ತಗುಲಿದ ವಸ್ತುಗಳನ್ನು ಸಿಹಿನೀರಿನಲ್ಲಿ ಜಾಲಿಸಿ ಒಣಗಿಸುವುದು ಯಾವ ಯಂತ್ರಕ್ಕೂ ಮೊದಲು ಮಾಡತಕ್ಕ ಕೆಲಸ.

ಗಾಳಿ ಬಿಡುವುದೋ, ಮುಚ್ಚುವುದೋ?

ಕಿಟಕಿ ತೆರೆದರೆ ತೇವ ಹೋಗುವುದೆಂಬ ನಂಬಿಕೆ ಸಾರ್ವತ್ರಿಕವಾದುದು. ಶೀತ ದೇಶದ ಚಳಿಗಾಲದಲ್ಲಿ ಅದು ಸತ್ಯವೂ ಹೌದು. ಹೊರಗೆ ೫ ಡಿಗ್ರಿಯ ಗಾಳಿಯು ಆವಿಯಿಂದ ಸಂತೃಪ್ತವಾಗಿದ್ದರೂ ಅದರಲ್ಲಿರುವುದು ಘನ ಮೀಟರಿಗೆ ೭ ಗ್ರಾಮಿಗಿಂತ ಕಡಿಮೆ. ಅದನ್ನು ಒಳಗೆ ತಂದು ೨೦ ಡಿಗ್ರಿಗೆ ಕಾಯಿಸಿದರೆ ಸಾಪೇಕ್ಷ ಆರ್ದ್ರತೆ ಶೇಕಡಾ ೪೦ಕ್ಕೆ ಇಳಿಯುವುದು. ಆದರೆ ಕಾರವಾರ, ಮಲ್ಪೆ, ಮಂಗಳೂರುಗಳಂತಹ ನಮ್ಮ ಕರಾವಳಿಯ ಬಂದರುಗಳಲ್ಲಿ ಮಳೆಗಾಲದ ಸ್ಥಿತಿಯೇ ಬೇರೆ. ೨೭ ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ಶೇಕಡಾ ೯೦ ಇದ್ದರೆ ಪ್ರತಿ ಘನ ಮೀಟರಿಗೆ ೨೩ ಗ್ರಾಂ ಆವಿ ಇರುವುದು. ಅಂತಹ ಗಾಳಿಯನ್ನು ಒಳಗೆ ಬಿಟ್ಟರೆ ನೌಕೆಯು ಒಣಗುವ ಪ್ರಶ್ನೆಯೇ ಇಲ್ಲ. ಅಲ್ಲಿ ಬಾಗಿಲುಗಳನ್ನು ಮುಚ್ಚಿ, ಒಳಗಿನ ಗಾಳಿಯಿಂದ ನೀರನ್ನು ಬೇರ್ಪಡಿಸುವುದೊಂದೇ ಮಾರ್ಗ. ಆರ್ದ್ರತಾ ನಿವಾರಕ ಯಂತ್ರದ ಅವಶ್ಯಕತೆ ಇಲ್ಲಿಯೇ ಉದ್ಭವಿಸುವುದು.

ಯಂತ್ರದ ಎರಡು ಬಗೆಗಳು

ಮೊದಲನೆಯದು ಶೀತಲೀಕರಣದ ಬಗೆ. ಶೀತಪೆಟ್ಟಿಗೆಯಲ್ಲಿರುವಂತೆ ಇದರಲ್ಲಿಯೂ ಸಂಪೀಡಕ, ತಂಪಾದ ಸುರುಳಿ ಹಾಗೂ ಬಿಸಿಯಾದ ಸುರುಳಿಗಳುಂಟು. ಪಂಖವು ಸೆಳೆದ ಗಾಳಿಯು ತಂಪಾದ ಸುರುಳಿಯ ಮೇಲೆ ಹಾಯುವಾಗ ಇಬ್ಬನಿ ಬಿಂದುವಿಗಿಂತ ಕೆಳಗಿಳಿದು ನೀರನ್ನು ಬಿಡುವುದು. ನೀರು ತೊಟ್ಟಿಗೆ ಇಳಿಯುವುದು. ಒಣಗಿದ ಗಾಳಿಯು ಬಿಸಿ ಸುರುಳಿಯನ್ನು ದಾಟಿ ಬೆಚ್ಚಗಾಗಿ ಹೊರಬರುವುದು. ಸಂಕ್ಷೇಪವಾಗಿ ಹೇಳುವುದಾದರೆ, ನೌಕೆಯ ಗೋಡೆ ಬೆವರುವ ಮೊದಲೇ ಯಂತ್ರವು ತಾನು ಬೆವರಿ ಗೋಡೆಯನ್ನು ಕಾಯುತ್ತದೆ. ಬೆಚ್ಚನೆಯ, ತೇವಭರಿತ ಹವೆಯಲ್ಲಿ ಈ ಬಗೆಯು ಮಿತವ್ಯಯಿ ಹಾಗೂ ಸಮರ್ಥ. ಆದರೆ ಕೋಣೆಯ ಉಷ್ಣತೆ ೧೦ ಡಿಗ್ರಿಗಿಂತ ಕೆಳಗಿಳಿದರೆ ಸುರುಳಿಯ ಮೇಲೆ ಹಿಮ ಕಟ್ಟಿ, ಅದನ್ನು ಕರಗಿಸುವುದರಲ್ಲಿಯೇ ಯಂತ್ರದ ಹೆಚ್ಚಿನ ಸಮಯ ಕಳೆಯುವುದು. ದಿನಕ್ಕೆ ಇಷ್ಟು ಲೀಟರು ನೀರು ತೆಗೆಯುವುದೆಂದು ತಯಾರಕರು ಮುದ್ರಿಸುವ ಅಂಕಿಯು ಸಾಮಾನ್ಯವಾಗಿ ಬೆಚ್ಚನೆಯ ತೇವದ ಹವೆಗೆ ಅನ್ವಯಿಸುವಂಥದು. ಚಳಿಯಲ್ಲಿ ಅದರ ಸ್ವಲ್ಪಾಂಶ ಮಾತ್ರ ದೊರೆಯುವುದು.

ಎರಡನೆಯದು ಹೀರುವಿಕೆಯ ಬಗೆ. ಸಿಲಿಕಾ ಜೆಲ್ ಅಥವಾ ಜಿಯೋಲೈಟ್ ಎಂಬ ಪದಾರ್ಥಗಳ ಒಳಮೈಯಲ್ಲಿ ಅಸಂಖ್ಯಾತ ಸೂಕ್ಷ್ಮರಂಧ್ರಗಳಿದ್ದು, ಅವು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಂತಹ ಪದಾರ್ಥವನ್ನು ಜೇನುಹುಟ್ಟಿನ ಆಕಾರದ ಚಕ್ರದಲ್ಲಿ ತುಂಬಿ ನಿಧಾನವಾಗಿ ತಿರುಗಿಸುವರು. ಚಕ್ರದ ಹೆಚ್ಚಿನ ಭಾಗವು ಗಾಳಿಯಿಂದ ಆವಿಯನ್ನು ಹೀರುತ್ತಿರುವಾಗಲೇ, ಮತ್ತೊಂದು ಭಾಗದ ಮೇಲೆ ಕಾಯಿಸಿದ ಗಾಳಿಯನ್ನು ಹಾಯಿಸಿ ಹೀರಿದ ನೀರನ್ನು ಹೊರಡಿಸುವರು. ಹೀಗೆ ಚಕ್ರವು ತೇವವನ್ನು ಉಂಡು, ಅದನ್ನು ಆಚೆ ಉಗುಳಿ, ಮತ್ತೆ ಹಸಿದು ಬರುವುದು. ಇದಕ್ಕೆ ವಿದ್ಯುತ್ತು ಹೆಚ್ಚು ಬೇಕು. ಆದರೆ ಉಷ್ಣತೆಯು ಸೊನ್ನೆಯ ಸಮೀಪಕ್ಕೆ ಇಳಿದರೂ ಇದು ಕೆಲಸ ಮಾಡುವುದು, ಮತ್ತು ಶೀತಲೀಕರಣದ ಬಗೆಗೆ ನಿಲುಕದ ಅತಿ ಕಡಿಮೆ ಆರ್ದ್ರತೆಯನ್ನೂ ಸಾಧಿಸಬಲ್ಲದು. ಶೀತ ದೇಶಗಳ ದೋಣಿಯವರು ಇದನ್ನೇ ಹೆಚ್ಚಾಗಿ ಮೆಚ್ಚುತ್ತಾರೆ.

ಕ್ಯಾಲ್ಸಿಯಂ ಕ್ಲೋರೈಡಿನ ಹರಳುಗಳನ್ನು ಡಬ್ಬಿಯಲ್ಲಿಟ್ಟು ತೇವ ಹೀರಿಸುವ ರೂಢಿಯೂ ಉಂಟು. ಒಂದು ಕಪಾಟಿಗೆ ಅದು ಸಾಕಾದೀತು. ಇಡೀ ನೌಕೆಗೆ ಸಾಲದು. ಮೇಲಾಗಿ ದೋಣಿ ಓಲಾಡಿ ಡಬ್ಬಿ ಉರುಳಿದರೆ ಆ ಲವಣಜಲವೇ ಲೋಹವನ್ನು ಕೊರೆಯುವುದು.

ಬಳಸುವಾಗಿನ ಎಚ್ಚರಿಕೆ

ಯಂತ್ರವನ್ನು ನಡೆಸುವಾಗ ಬಾಗಿಲು ಕಿಂಡಿಗಳನ್ನು ಮುಚ್ಚಿರಬೇಕು. ಅವನ್ನು ತೆರೆದಿಟ್ಟು ನಡೆಸುವುದೆಂದರೆ ಬಂದರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ಆದರೆ ಈ ನಿಯಮಕ್ಕೆ ಪ್ರಾಣಾಧಾರವಾದ ಒಂದು ಅಪವಾದವುಂಟು. ಒಳಗೆ ಒಲೆಯುರಿಯುತ್ತಿರುವಾಗ, ಜನರು ಮಲಗಿರುವಾಗ, ಗಾಳಿಕಿಂಡಿಗಳನ್ನು ಎಂದಿಗೂ ಮುಚ್ಚಲಾಗದು. ಜ್ವಾಲೆಗೆ ಆಮ್ಲಜನಕ ಸಾಲದಾದರೆ ಉತ್ಪತ್ತಿಯಾಗುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಿದ್ರೆಯಲ್ಲಿಯೇ ಕೊಲ್ಲುವುದು. ಅಡಿಗೆ ಅನಿಲವು ಗಾಳಿಗಿಂತ ಭಾರವಾದ್ದರಿಂದ ಸೋರಿದ್ದು ನೌಕೆಯ ತಳದಲ್ಲಿ ಶೇಖರವಾಗುವುದು. ಆದುದರಿಂದ ಮುಚ್ಚಿದ ನೌಕೆಯಲ್ಲಿ ಯಂತ್ರವನ್ನು ನಡೆಸುವ ಕ್ರಮವು ಜನರಿಲ್ಲದೆ, ಬೆಂಕಿಯಿಲ್ಲದೆ ಕಟ್ಟಿಹಾಕಿದ ನೌಕೆಗೆ ಮಾತ್ರ ಹೊಂದುವಂಥದು.

ವಿದ್ಯುತ್ತಿನ ಲೆಕ್ಕವನ್ನೂ ನೋಡಬೇಕು. ೧೨ ವೋಲ್ಟಿನ, ೧೦೦ ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯಲ್ಲಿ ಇರುವುದು ೧,೨೦೦ ವಾಟ್-ಗಂಟೆ ಶಕ್ತಿ. ೨೦೦ ವಾಟಿನ ಸಣ್ಣ ಯಂತ್ರವೂ ಅದನ್ನು ಆರು ಗಂಟೆಯಲ್ಲಿ ಪೂರ್ತಿ ಬರಿದು ಮಾಡುವುದು. ಆದುದರಿಂದ ದಡದ ವಿದ್ಯುತ್ತು ದೊರೆಯುವ ಕಡೆಯಲ್ಲಿಯೇ ಇದರ ಉಪಯೋಗ. ನೀರನ್ನು ತೊಟ್ಟಿಯಲ್ಲಿ ಶೇಖರಿಸಿದರೆ ತೊಟ್ಟಿ ತುಂಬಿದೊಡನೆ ಯಂತ್ರ ನಿಲ್ಲುವುದು. ಆದುದರಿಂದ ಕೊಳವೆಯ ಮೂಲಕ ಅದನ್ನು ಹೊರಹರಿಸುವುದು ಮೇಲು. ಒಂದು ಲೀಟರಿನಷ್ಟು ಆವಿಯು ನೀರಾಗುವಾಗ ಹೊರಬೀಳುವ ಗುಪ್ತೋಷ್ಣವು ಒಂದು ಯೂನಿಟ್ ವಿದ್ಯುತ್ತಿನ ಮೂರರಲ್ಲಿ ಎರಡು ಭಾಗಕ್ಕೆ ಸಮ. ಅದು ನೌಕೆಯ ಒಳಗೇ ಉಳಿದು ಗೋಡೆಗಳನ್ನು ತುಸು ಬೆಚ್ಚಗಿಡುವುದು ಯಂತ್ರದ ಇನ್ನೊಂದು ಉಪಕಾರ.

'ಗ್ರೇಟ್ ಬ್ರಿಟನ್' ಹಡಗಿನ ಪುನರ್ಜೀವನ

ಈ ಯಂತ್ರವು ಸಾಧಿಸಬಲ್ಲುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿರುವ 'ಗ್ರೇಟ್ ಬ್ರಿಟನ್' ಹಡಗಿಗಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್ ಎಂಬ ಮಹಾಶಿಲ್ಪಿಯು ಅದನ್ನು ರೂಪಿಸಿದನು. ೧೮೪೩ರ ಜುಲೈ ೧೯ರಂದು, ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ರಾಜಕುಮಾರನ ಸಮ್ಮುಖದಲ್ಲಿ ಅದು ನೀರಿಗಿಳಿಯಿತು. ೩೨೨ ಅಡಿ ಉದ್ದದ ಆ ಹಡಗು, ಕಬ್ಬಿಣದ ಒಡಲು ಮತ್ತು ತಿರುಪಿನ ಚಾಲಕ ಇವೆರಡನ್ನೂ ಪಡೆದ ಸಾಗರಗಾಮಿ ನೌಕೆಗಳಲ್ಲಿ ಪ್ರಥಮವಾದುದು. ೧೮೫೨ರಿಂದ ಸಾವಿರಾರು ವಲಸೆಗಾರರನ್ನು ಆಸ್ಟ್ರೇಲಿಯಕ್ಕೆ ಒಯ್ದಿತು. ೧೮೫೭ರಲ್ಲಿ ಸೈನಿಕರನ್ನು ಹೊತ್ತು ಮುಂಬಯಿಗೂ ಬಂದಿತ್ತು. ೧೮೬೧ರಲ್ಲಿ ಆಸ್ಟ್ರೇಲಿಯ ಪ್ರವಾಸ ಕೈಗೊಂಡ ಮೊದಲ ಇಂಗ್ಲಿಷ್ ಕ್ರಿಕೆಟ್ ತಂಡವನ್ನು ಸಾಗಿಸಿತು. ೧೮೮೬ರಲ್ಲಿ ಬಿರುಗಾಳಿಗೆ ಸಿಕ್ಕಿ ಜಖಂಗೊಂಡು ಫಾಕ್‌ಲೆಂಡ್ ದ್ವೀಪಗಳನ್ನು ಸೇರಿ, ಅಲ್ಲಿ ಉಣ್ಣೆ ಕಲ್ಲಿದ್ದಲುಗಳ ಉಗ್ರಾಣವಾಯಿತು. ೧೯೩೭ರಲ್ಲಿ ಇನ್ನು ನಿರುಪಯುಕ್ತವೆಂದು ಒಂದು ಕೊಲ್ಲಿಗೆ ಎಳೆದೊಯ್ದು, ತಳಕ್ಕೆ ತೂತು ಕೊರೆದು ಆಳವಿಲ್ಲದ ನೀರಿನಲ್ಲಿ ಕೂರಿಸಿಬಿಟ್ಟರು.

ಮೂವತ್ತಮೂರು ವರ್ಷ ಉಪ್ಪುನೀರಿನಲ್ಲಿದ್ದ ಆ ಒಡಲನ್ನು ಉಳಿಸಬೇಕೆಂದು ನೌಕಾಶಿಲ್ಪಿ ಯುವಾನ್ ಕಾರ್ಲೆಟ್ ಅವರು ಪ್ರಯತ್ನಪಟ್ಟರು. ಉದ್ಯಮಿ ಜಾಕ್ ಹೇವರ್ಡ್ ಅವರು ಉದಾರವಾಗಿ ಧನಸಹಾಯ ನೀಡಿದರು. ೧೯೭೦ರಲ್ಲಿ ಅದರ ಪಕ್ಕದ ದೊಡ್ಡ ಬಿರುಕಿಗೆ ಹಳೆಯ ಹಾಸಿಗೆಗಳನ್ನು ತುರುಕಿ, ತೇಲಿಸಿ, ತೆಪ್ಪದಂತಹ ಬೃಹತ್ ನೌಕೆಯ ಮೇಲೇರಿಸಿ, ಅಟ್ಲಾಂಟಿಕ್ ಸಾಗರವನ್ನು ದಾಟಿಸಿ ತಂದರು. ಜಲಾವತರಣವಾದ ದಿನದಿಂದ ಸರಿಯಾಗಿ ೧೨೭ ವರ್ಷಗಳ ಅನಂತರ, ೧೯೭೦ರ ಜುಲೈ ೧೯ರಂದು, ತಾನು ಹುಟ್ಟಿದ ನಿರ್ಜಲ ಕಟ್ಟೆಯನ್ನೇ ಅದು ಮರಳಿ ಸೇರಿತು.

ಸಮುದ್ರದಿಂದ ಪಾರಾದ ಹಡಗು ಗಾಳಿಯಿಂದ ಪಾರಾಗಲಿಲ್ಲ. ಕಬ್ಬಿಣದ ತಗಡುಗಳ ತುಕ್ಕಿನ ಪದರಗಳಲ್ಲಿ, ಮೊಳೆ ಬಡಿದ ಸಂದುಗಳಲ್ಲಿ ಕ್ಲೋರೈಡ್ ಲವಣಗಳು ಹುದುಗಿದ್ದವು. ಅವನ್ನು ತೊಳೆದು ತೆಗೆಯುವುದು ಅಸಾಧ್ಯವಾಗಿತ್ತು. ಬ್ರಿಸ್ಟಲಿನ ತೇವದ ಹವೆಯಿಂದ ಅವು ನೀರನ್ನು ಹೀರುತ್ತ, ಕಬ್ಬಿಣವನ್ನು ಹಗಲಿರುಳೂ ತಿನ್ನುತ್ತಿದ್ದವು. ೧೯೯೮ರಲ್ಲಿ ನಡೆದ ವಿಸ್ತೃತ ಪರಿಶೀಲನೆಯು, ಹೀಗೆಯೇ ಬಿಟ್ಟರೆ ಹಡಗಿನ ಆಯುಷ್ಯ ಇನ್ನು ೨೫ ವರ್ಷ ಮಾತ್ರ ಎಂದು ಅಂದಾಜು ಮಾಡಿತು.

ಸಾಮಾನ್ಯ ಕಬ್ಬಿಣವು ಶೇಕಡಾ ೬೦ಕ್ಕಿಂತ ಕಡಿಮೆ ಆರ್ದ್ರತೆಯಲ್ಲಿ ಬಹುಮಟ್ಟಿಗೆ ಕ್ಷೇಮ; ಲವಣ ಸೇರಿದ ಕಬ್ಬಿಣಕ್ಕೆ ಆ ಅಭಯವಿಲ್ಲ. ಕಾರ್ಡಿಫ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಯೋಗಗಳ ಮೂಲಕ, ಆರ್ದ್ರತೆಯನ್ನು ಶೇಕಡಾ ೨೦ರ ಮಟ್ಟಕ್ಕೆ ಇಳಿಸಿದರೆ ಅಂತಹ ಕಬ್ಬಿಣವೂ ತುಕ್ಕು ಹಿಡಿಯುವ ವೇಗ ಅತ್ಯಂತ ಮಂದವಾಗುವುದೆಂದು ಕಂಡುಕೊಂಡರು. ಅದು ಮರುಭೂಮಿಯ ಶುಷ್ಕತೆ. ಮಳೆಯ ನಾಡಿನಲ್ಲಿ, ಇಡೀ ಒಂದು ಹಡಗಿನ ಸುತ್ತ ಮರುಭೂಮಿಯನ್ನು ನಿರ್ಮಿಸುವುದೆಂತು?

ಇದಕ್ಕೆ ಕಂಡುಹಿಡಿದ ಉಪಾಯವು ಸುಂದರವೂ ಸರಳವೂ ಆದುದು. ಹಡಗಿನ ಜಲರೇಖೆಯ ಮಟ್ಟದಲ್ಲಿ, ಒಡಲಿನಿಂದ ಕಟ್ಟೆಯ ಅಂಚಿನವರೆಗೆ ಸುತ್ತಲೂ ಗಾಜಿನ ಚಾವಣಿಯನ್ನು ಹಾಸಿ, ಅದರ ಮೇಲೆ ತೆಳುವಾಗಿ ನೀರನ್ನು ನಿಲ್ಲಿಸಿದರು. ಮೇಲಿನಿಂದ ನೋಡುವವರಿಗೆ ಹಡಗು ನೀರಿನಲ್ಲಿ ತೇಲುತ್ತಿರುವಂತೆ ತೋರುವುದು. ಕೆಳಗೆ ಇಳಿದವರು ಗಾಜಿನಡಿಯ ಶುಷ್ಕ ಕೋಣೆಯಲ್ಲಿ ಒಡಲಿನ ಬುಡವನ್ನೇ ಕಾಣಬಹುದು. ಎರಡು ಆರ್ದ್ರತಾ ನಿವಾರಕ ಯಂತ್ರಗಳು ಆ ಕೋಣೆಯ ಗಾಳಿಯನ್ನು ಶೇಕಡಾ ೨೦ರ ಆರ್ದ್ರತೆಯಲ್ಲಿ ಇಡುತ್ತವೆ. ೨೦೦೫ರ ಜುಲೈ ತಿಂಗಳಲ್ಲಿ ಹಡಗು ಈ ಹೊಸ ರೂಪದಲ್ಲಿ ಲೋಕಾರ್ಪಣೆಯಾಯಿತು. ಮರುವರ್ಷ ವಸ್ತುಸಂಗ್ರಹಾಲಯಗಳಿಗೆ ಮೀಸಲಾದ ಗುಲ್ಬೆಂಕಿಯನ್ ಪುರಸ್ಕಾರವು ಅದಕ್ಕೆ ಸಂದಿತು.

ಒಣಗುವುದಕ್ಕೂ ಮಿತಿಯುಂಟು

ಕಬ್ಬಿಣಕ್ಕೆ ಅಮೃತವಾದ ಶುಷ್ಕತೆಯು ಮರಕ್ಕೆ ವಿಷವಾದೀತು. ಮರವು ಸುತ್ತಲಿನ ಗಾಳಿಯೊಡನೆ ತೇವದ ಕೊಡುಕೊಳೆ ನಡೆಸುತ್ತಲೇ ಇರುವುದು. ಅತಿಯಾಗಿ ಒಣಗಿದರೆ ಕುಗ್ಗಿ, ಬಾಗಿ, ಸೀಳುವುದು. ಮರದ ದೋಣಿಯ ಸಂದುಗಳು ಬಾಯಿ ತೆರೆಯುವುವು. ೧೬೨೮ರಲ್ಲಿ ಮೊದಲ ಯಾನದಲ್ಲಿಯೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿ, ೧೯೬೧ರಲ್ಲಿ ಮೇಲೆತ್ತಲ್ಪಟ್ಟ 'ವಾಸಾ' ಎಂಬ ಸ್ವೀಡನ್ನಿನ ಮರದ ಯುದ್ಧನೌಕೆಯ ಕಥೆ ಇದಕ್ಕೆ ಸಾಕ್ಷಿ. ಮರವು ಕುಗ್ಗದಿರಲೆಂದು ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವನ್ನು ೧೭ ವರ್ಷಗಳ ಕಾಲ ಅದರ ಮೇಲೆ ಸಿಂಪಡಿಸಲಾಯಿತು. ೨೦೦೦ದ ಮಳೆಯ ಬೇಸಗೆಯಲ್ಲಿ ವಸ್ತುಸಂಗ್ರಹಾಲಯದ ಆರ್ದ್ರತೆ ಏರಿದಾಗ ಮರದ ಮೇಲೆ ಆಮ್ಲೀಯ ಲವಣಗಳು ಹೊಮ್ಮಿದವು. ಅನಂತರ ಹವಾನಿಯಂತ್ರಣ ವ್ಯವಸ್ಥೆಯನ್ನೇ ನವೀಕರಿಸಿ, ಆರ್ದ್ರತೆಯನ್ನು ಶೇಕಡಾ ೫೫ರ ಆಸುಪಾಸಿನಲ್ಲಿ ಸ್ಥಿರಗೊಳಿಸಿದರು. ಅಲ್ಲಿ ಮುಖ್ಯವಾದುದು ಶುಷ್ಕತೆಯಲ್ಲ, ಸ್ಥಿರತೆ. ಸಾಮಾನ್ಯ ವಿಹಾರ ನೌಕೆಯಲ್ಲಿಯೂ ಶೇಕಡಾ ೫೦ರಿಂದ ೬೦ರ ನಡುವಣ ಆರ್ದ್ರತೆಯು ಮರ, ಬಟ್ಟೆ, ಲೋಹ, ಮನುಷ್ಯ ಎಲ್ಲಕ್ಕೂ ಹಿತವಾದುದು. ಇದಕ್ಕಾಗಿ ಆರ್ದ್ರತಾಮಾಪಕವೊಂದನ್ನು ಇಟ್ಟುಕೊಂಡು ಅದರ ಸೂಚನೆಯಂತೆ ಯಂತ್ರವನ್ನು ನಡೆಸತಕ್ಕದ್ದು.

ದಿನದಿನದ ಪಾಲನೆ

ಯಂತ್ರವು ಒಮ್ಮೆ ನೀಡಿ ಮುಗಿಸುವ ಔಷಧವಲ್ಲ. 'ಗ್ರೇಟ್ ಬ್ರಿಟನ್' ಹಡಗಿನ ಕಬ್ಬಿಣದಲ್ಲಿ ಲವಣವು ಇಂದಿಗೂ ಹಾಗೆಯೇ ಇದೆ. ಅದು ನೀರಿಲ್ಲದೆ ಸುಪ್ತವಾಗಿದೆ, ಅಷ್ಟೆ. ಗಾಜಿನಡಿಯ ಗಾಳಿಯು ಮತ್ತೆ ತೇವಗೊಂಡರೆ ತುಕ್ಕು ತಾನು ನಿಲ್ಲಿಸಿದಲ್ಲಿಂದಲೇ ಆರಂಭಿಸುವುದು. ಆದುದರಿಂದ ಅಲ್ಲಿ ಯಂತ್ರ ತಿರುಗುತ್ತಿರಬೇಕು, ಮಾಪಕಗಳನ್ನು ಓದುತ್ತಿರಬೇಕು, ಬಿಗಿಗಳನ್ನು ಪರೀಕ್ಷಿಸುತ್ತಿರಬೇಕು, ವಿದ್ಯುತ್ತಿನ ವೆಚ್ಚವನ್ನು ಪ್ರತಿ ವರ್ಷವೂ ಒದಗಿಸುತ್ತಿರಬೇಕು. ಸಮುದ್ರದ ತಳದಿಂದ ಹಡಗನ್ನು ಎತ್ತಿ ತಂದ ಸಾಹಸವನ್ನು ಜಗತ್ತೆಲ್ಲ ಕೊಂಡಾಡಿತು. ಆದರೆ ಆ ಸಾಹಸವನ್ನು ಸಾರ್ಥಕಗೊಳಿಸಿರುವುದು ಯಾರ ಕಣ್ಣಿಗೂ ಬೀಳದೆ ನೆಲಮಾಳಿಗೆಯಲ್ಲಿ ತಿರುಗುವ ಚಕ್ರ ಮತ್ತು ಅದನ್ನು ನೋಡಿಕೊಳ್ಳುವ ಸಿಬ್ಬಂದಿಯ ನಿತ್ಯದ ದುಡಿಮೆ.

ಸಣ್ಣ ದೋಣಿಯಾಗಲಿ ಮಹಾನೌಕೆಯಾಗಲಿ, ಕ್ರಮವು ಒಂದೇ. ಮೊದಲು ತೇವದ ಮೂಲವನ್ನು ತಗ್ಗಿಸಬೇಕು, ಲವಣವನ್ನು ತೊಳೆಯಬೇಕು, ಗಾಳಿ ಬಿಡಬೇಕಾದಲ್ಲಿ ಬಿಟ್ಟು, ಮುಚ್ಚಬೇಕಾದಲ್ಲಿ ಮುಚ್ಚಬೇಕು, ಕೊನೆಯಲ್ಲಿ ಯಂತ್ರದ ನೆರವನ್ನು ಪಡೆಯಬೇಕು. ಮೊದಲಿನ ಕೆಲಸಗಳನ್ನು ಕೈಬಿಟ್ಟು ಕೊನೆಯದನ್ನೇ ನೆಚ್ಚಿದವನ ನೌಕೆಯಲ್ಲಿ ಯಂತ್ರವು ಎಡೆಬಿಡದೆ ಓಡುತ್ತಿದ್ದರೂ ಗೋಡೆ ಬೆವರುತ್ತಲೇ ಇರುವುದು. ಮೊದಲಿನವನ್ನು ಶ್ರದ್ಧೆಯಿಂದ ನಡೆಸಿದವನಿಗೆ ಚಿಕ್ಕ ಯಂತ್ರವೂ ಸಾಕಾಗುವುದು.